ಮೂಲೆ ಬಿಡಿ ಗೌಡ್ರೇ

ನಮ್ಮ ಅಡ್ಡರಸ್ತೆಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಖಾತೆಯಿಲ್ಲ, ಕಂದಾಯವಿಲ್ಲ, ಆದರೆ ವಾರಸುದಾರರು ಮಾತ್ರ ಖಚಿತವಾಗಿ ಇದ್ದಾರೆ. ಒಬ್ಬೊಬ್ಬರದು ಒಂದೊಂದು ಗಡಿಕಲ್ಲು. ಖಾಲಿ ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ಸುರಿದು ನಡುವೆ ಪಿವಿಸಿ ಪೈಪ್ ನೆಟ್ಟವರಿದ್ದಾರೆ. ತುಳಸಿ ಒಣಗಿಹೋದ ಕುಂಡವನ್ನು ಬೀದಿಗೆ ತಂದಿಟ್ಟವರಿದ್ದಾರೆ. ಗೇಟಿಗೆ ‘ನೋ ಪಾರ್ಕಿಂಗ್’ ಫಲಕ, ಅದರ ಅಡಿಯಲ್ಲಿ ಸೈಟು ಮಾರುವವರ ಜಾಹೀರಾತು. ಇನ್ನೂ ಗಟ್ಟಿಗರೊಬ್ಬರು ‘ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂದು ಅಚ್ಚಕನ್ನಡದಲ್ಲಿ ಬರೆಸಿ ತೂಗುಹಾಕಿದ್ದಾರೆ. ಅಂಗಡಿ ಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು ಎಂದು ಸರ್ಕಾರ ಹೇಳಿ ಆಯಿತಲ್ಲ, ನಮ್ಮ ಬೀದಿಯಲ್ಲಿ ನೂರಕ್ಕೆ ನೂರು ಕನ್ನಡ ಇರುವ ಫಲಕ ಅದೊಂದೇ.

ಕಾಂಪೌಂಡ್ ಗೋಡೆಯ ಆಚೆ ಮನೆ ಗೌಡ್ರದು. ಬೆಂಗಳೂರಿನ ಈ ಕೊಡಿಗೇಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿದ್ದವರು. ಅವರಪ್ಪ ರಾಗಿ ಬಿತ್ತಿದ ಹೊಲದಲ್ಲಿ ಈಗ ಮೂರು ಮಹಡಿ ಬಾಡಿಗೆ ಮನೆ ಎದ್ದಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು. ಬೆಳಿಗ್ಗೆ ನಾನು ಗಿಡಕ್ಕೆ ನೀರು ಬಿಡುವ ಹೊತ್ತಿಗೆ ಸರಿಯಾಗಿ ಅವರು ಗೋಡೆ ಹತ್ತಿರ ಬಂದು ನಿಲ್ಲುತ್ತಾರೆ. ಮಾತಿಗೆ ಇಂಥದ್ದೇ ಎಂದಿಲ್ಲ, ಆದರೆ ಈ ವಾರ ಪೂರ್ತಿ ಒಂದೇ ವಿಷಯ.

“ನೋಡಿದ್ರಾ ಟೀಚರಮ್ಮ, ಆ ಹುಡುಗ ಎಂಗೆ ಬಂದ ಅಂತ! ಒಂದು ಕೂದಲೆಳೆ ಅಂತರದಾಗೆ ಮಗು ಉಳೀತು.”

ಮೂಲೆಯಲ್ಲಿ ಆದ ಕಥೆ ಅದು. ಶಾಲೆ ವ್ಯಾನಿನಿಂದ ಇಳಿದ ಹುಡುಗಿ ನಿಂತಿದ್ದ ದೊಡ್ಡ ಕಾರಿನ ಹಿಂದಿನಿಂದ ಬೀದಿಗೆ ಕಾಲಿಟ್ಟಳು. ಆ ಕಡೆಯಿಂದ ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಸ್ಕೂಟರು. ಬ್ರೇಕ್ ಹಿಡಿದ ಹೊಡೆತಕ್ಕೆ ಹುಡುಗ ಬಿದ್ದ, ಚೀಲದಲ್ಲಿದ್ದ ಮೊಟ್ಟೆಯೆಲ್ಲ ರಸ್ತೆ ಪಾಲು. ಹುಡುಗಿಗೆ ಏನೂ ಆಗಲಿಲ್ಲ. ಬೀದಿಗೆ ಬೀದಿಯೇ ಸೇರಿ ಆ ಹುಡುಗನನ್ನು ಬಯ್ದು ಕಳಿಸಿತು. ಅವನ ಮೊಣಕೈ ತರಚಿತ್ತು, ಅದನ್ನು ಕೇಳಿದವರು ಗೌಡ್ರ ಹೆಂಡತಿ ಒಬ್ಬರೇ.

“ಹುಡುಗ ಜೋರಾಗಿ ಬಂದ, ಒಪ್ಪಿದೆ. ಆದರೆ ಮೂಲೆಗೆ ಒತ್ತಿಕೊಂಡು ನಿಂತಿತ್ತಲ್ಲ ಕಾರು, ಅದನ್ನ ಯಾರೂ ಬಯ್ಯಲಿಲ್ಲ,” ಎಂದೆ.

“ಕಾರು ಏನ್ ಮಾಡ್ತು? ಅದು ನಿಂತಿತ್ತು.”

“ನಿಂತಿದ್ದೇ ತಪ್ಪು ಗೌಡ್ರೇ.”

ಗೌಡ್ರಿಗೆ ನಗು ಬಂತು. ನಿಂತ ಗಾಡಿ ನಿರಪರಾಧಿ, ಓಡುವ ಗಾಡಿಯೇ ಅಪರಾಧಿ ಅನ್ನುವುದು ನಮ್ಮೆಲ್ಲರ ಲೆಕ್ಕ. ಆದರೆ ಆ ಹುಡುಗಿ ನಾಲ್ಕಡಿಗಿಂತ ಹೆಚ್ಚಿಲ್ಲ, ಈಗಿನ ಕಾರುಗಳ ಬಾನೆಟ್ಟೇ ಅವಳ ಭುಜಕ್ಕೆ ಬರುತ್ತದೆ. ಅವಳಿಗೆ ಸ್ಕೂಟರು ಕಾಣಬೇಕಾದರೆ ಕಾರನ್ನು ದಾಟಿ ರಸ್ತೆಗೆ ಎರಡು ಹೆಜ್ಜೆ ಇಟ್ಟಾಗಿರಬೇಕು. ಸ್ಕೂಟರಿನವನಿಗೆ ಅವಳು ಕಾಣುವುದೂ ಅದೇ ಹೊತ್ತಿಗೆ. ಅಷ್ಟು ಹೊತ್ತಿಗೆ ನೋಡಿ ಇಬ್ಬರಿಗೂ ಏನು ಪ್ರಯೋಜನ?

ಇದು ಹೊಸ ಕಾನೂನಿನ ಮಾತೂ ಅಲ್ಲ. 1989ರ ರಸ್ತೆ ನಿಯಮಗಳಲ್ಲೇ ಇತ್ತು: ಅಡ್ಡರಸ್ತೆ ಕೂಡುವಲ್ಲಿ, ತಿರುವಿನಲ್ಲಿ, ಫುಟ್‌ಪಾತ್ ಮೇಲೆ, ಬಸ್ ಸ್ಟಾಪ್ ಹತ್ತಿರ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ಗಾಡಿ ನಿಲ್ಲಿಸಬಾರದು. ಒಂದು ಗಾಡಿ ನಿಂತಿದ್ದರೆ ದಾರಿಗೆ ಅಡ್ಡವಾಗುವಂತೆ ಅದರ ಎದುರಿಗೆ ಇನ್ನೊಂದನ್ನು ನಿಲ್ಲಿಸಬಾರದು ಅಂತಲೂ ಇತ್ತು. ಆ ಕೊನೆಯದನ್ನು ಓದಿ ಹೇಳಿದಾಗ ಗೌಡ್ರು, “ಹಂಗಾದ್ರೆ ನಮ್ಮ ಬೀದಿನೇ ಜೈಲಿಗೆ ಹೋಗ್ಬೇಕು,” ಅಂದರು.

ನಮ್ಮ ಬೀದಿ ಮೂವತ್ತಡಿಯದು, ಕಾಗದದ ಮೇಲೆ. ಎರಡೂ ಕಡೆ ಚರಂಡಿ ಮುಚ್ಚಿ ಗೇಟಿನಿಂದ ಇಳಿಜಾರು ಬಿಟ್ಟಿದ್ದೇವೆ, ಮೂರು ಮೂರಡಿ. ಅದರಾಚೆ ಎರಡೂ ಕಡೆ ಕಾರು, ಆರಾರಡಿ. ಉಳಿಯಿತು ಹನ್ನೆರಡಡಿ. ನೀರಿನ ಟ್ಯಾಂಕರಿನ ಅಗಲ ಎಂಟಡಿ ಹತ್ತಿರ. ಟ್ಯಾಂಕರು ಬಂದಾಗ ನಡೆಯುವವರಿಗೆ ಆ ಕಡೆ ಎರಡಡಿ, ಈ ಕಡೆ ಎರಡಡಿ, ಅದರಲ್ಲೇ ಅಜ್ಜಿಯ ವಾಕಿಂಗು, ಮಕ್ಕಳ ಸೈಕಲ್ಲು, ಸೊಪ್ಪಿನವನ ಗಾಡಿ. ಹಳೇ ಊರಿನೊಳಗಿನ ಬೀದಿಗಳಲ್ಲಂತೂ ಆ ಎರಡಡಿಯೂ ಇಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಮೇನ್ ರೋಡಿನಲ್ಲೇ ನಿಂತು ಪೈಪು ಎಳೆದುಕೊಂಡು ಬರಬೇಕು.

“ಸರಿ, ಕಾರೆಲ್ಲ ತೆಗೆಸ್ರಿ,” ಎಂದು ಗೌಡ್ರು ಗೋಡೆಗೆ ಒರಗಿದರು. “ರಸ್ತೆ ಅಗಲ ಆಯ್ತದೆ. ಆಮ್ಯಾಕೆ? ಈಗ ನಲವತ್ತರಾಗೆ ಬರೋನು ಅರವತ್ತರಾಗೆ ಬತ್ತಾನೆ. ಕಾರು ನಿಂತಿರೋದ್ರಿಂದಲೇ ಒಸಿ ನಿಧಾನ ಮಾಡ್ತಾವ್ರೆ.”

ಈ ಮಾತನ್ನು ತಳ್ಳಿಹಾಕುವಂತಿಲ್ಲ. ರಸ್ತೆ ಇಕ್ಕಟ್ಟಾದಷ್ಟೂ ಗಾಡಿ ಬಿಡುವವನ ಕಾಲು ಬ್ರೇಕಿನ ಹತ್ತಿರ ಇರುತ್ತದೆ, ಅಗಲವಾದರೆ ಆಕ್ಸಿಲರೇಟರಿಗೆ ಹೋಗುತ್ತದೆ. ಬರೀ ಪಾರ್ಕಿಂಗ್ ತೆಗೆದು ಬಿಟ್ಟುಬಿಟ್ಟರೆ ನಮ್ಮ ಬೀದಿ ಬಳ್ಳಾರಿ ರಸ್ತೆಯ ಮರಿಯಾಗುತ್ತದೆ. ಹೆಬ್ಬಾಳದಲ್ಲಿ ಜಾಮ್ ಆದ ದಿನ ನೋಡಬೇಕು, ಮೊಬೈಲ್ ಮ್ಯಾಪು ಹೇಳಿದ ಕಡೆಗೆಲ್ಲ ಜನ ತಿರುಗಿಸುತ್ತಾರೆ. ತಿಂಡ್ಲು, ವಿದ್ಯಾರಣ್ಯಪುರಕ್ಕೆ ಹೋಗುವವರು ನಮ್ಮ ಅಡುಗೆಮನೆ ಕಿಟಕಿ ಪಕ್ಕದಲ್ಲೇ ಹಾದುಹೋಗುತ್ತಾರೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಈ ದಿಕ್ಕಿನ ಊರುಗಳ ಹಣೆಬರಹವೇ ಅದಾಗಿದೆ. ದೊಡ್ಡ ರಸ್ತೆ ಕಟ್ಟಿಕೊಂಡದ್ದಾಯಿತು, ಅದು ತುಂಬಿದಾಗ ಉಕ್ಕುವುದು ನಮ್ಮ ಬೀದಿಗೆ. ಹಾಗಾಗಿ ಮೂಲೆ ಬಿಡಿಸುವುದೂ ವೇಗ ಇಳಿಸುವುದೂ ಒಟ್ಟಿಗೇ ಆಗಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಗೌಡ್ರು ಗೆದ್ದಂತೆಯೇ.

“ವೇಗ ಇಳಿಸೋಕೆ ನಾನು ಹಂಪ್ ಹಾಕಿಸಲಿಲ್ವಾ?” ಎಂದರು.

ಹಾಕಿಸಿದ್ದರು ನಿಜ. ಮನೆ ಕೆಲಸಕ್ಕೆ ಬಂದಿದ್ದ ಗಾರೆಯವರಿಗೆ ಹೇಳಿ, ಉಳಿದ ಸಿಮೆಂಟಿನಲ್ಲಿ ರಾತ್ರೋರಾತ್ರಿ ಒಂದು ದಿಂಡು ಎಬ್ಬಿಸಿದ್ದರು. ಎತ್ತರ ಅರ್ಧ ಅಡಿ, ಅಗಲ ಒಂದಡಿ. ಆಟೋದವರು ಅದನ್ನು ಗೌಡ್ರ ಹೆಸರಿನಲ್ಲೇ ಕರೆಯುತ್ತಾರೆ, ಜೊತೆಗೆ ಒಂದೆರಡು ವಿಶೇಷಣ ಸೇರಿಸಿ. ಹಂಪಿಗೂ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು 1988ರಲ್ಲೇ ಬರೆದಿಟ್ಟಿದ್ದಾರೆ: ಅಗಲ 3.7 ಮೀಟರ್, ಎತ್ತರ ಹತ್ತು ಸೆಂಟಿಮೀಟರ್, ಅಂದರೆ ಹನ್ನೆರಡಡಿ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯುವ ನಾಲ್ಕಿಂಚಿನ ಉಬ್ಬು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವನಿಗೆ ಸೊಂಟ ಉಳಿಯುತ್ತದೆ, ಅದಕ್ಕಿಂತ ಜೋರಾಗಿ ಬಂದವನಿಗೆ ಮಾತ್ರ ಪೆಟ್ಟು. ಗೌಡ್ರದು ಹಾಗಲ್ಲ, ಐದು ಕಿ.ಮೀ. ವೇಗದಲ್ಲಿ ಬಂದ ಬಸುರಿಯನ್ನೂ ಬಿಡುವುದಿಲ್ಲ.

“ಮೂವತ್ತು ಸಾಕು ಗೌಡ್ರೇ ಅಡ್ಡರಸ್ತೆಗೆ. ಹಂಪು ಸರಿಯಾಗಿರಲಿ, ಬೋರ್ಡು 30 ಅಂತ ಇರಲಿ.”

“ಮೂವತ್ತಾ? ಸೈಕಲ್ಲು ಹೋಗ್ತೈತೆ ಮೂವತ್ತರಾಗೆ!”

ಇಲ್ಲಿ ನನ್ನ ಹಳೇ ಕಸುಬು ಎದ್ದು ನಿಂತಿತು. ನೀರಿನ ಪೈಪು ಕೆಳಗಿಟ್ಟು ಲೆಕ್ಕ ಹೇಳಿದೆ. ಕಣ್ಣಿಗೆ ಮಗು ಕಂಡು, ಬುದ್ಧಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಅನ್ನಿ. ಮೂವತ್ತರಲ್ಲಿ ಹೋಗುವವನು ಆ ಸೆಕೆಂಡಿನಲ್ಲಿ ಎಂಟು ಮೀಟರ್ ಚಿಲ್ಲರೆ ಮುಂದೆ ಬಂದಿರುತ್ತಾನೆ, ಬ್ರೇಕ್ ಹಿಡಿದು ಇನ್ನು ಐದು ಮೀಟರಿನಲ್ಲಿ ನಿಲ್ಲುತ್ತಾನೆ, ಒಟ್ಟು ಹದಿಮೂರು ಹದಿನಾಲ್ಕು ಮೀಟರ್. ಐವತ್ತರಲ್ಲಿ ಹೋಗುವವನು ಅದೇ ಒಂದು ಸೆಕೆಂಡಿನಲ್ಲಿ ಹದಿನಾಲ್ಕು ಮೀಟರ್ ಬಂದಿರುತ್ತಾನೆ. ಮೊದಲನೆಯವನು ಪೂರ್ತಿ ನಿಂತ ಜಾಗದಲ್ಲಿ ಎರಡನೆಯವನು ಇನ್ನೂ ಬ್ರೇಕೇ ಮುಟ್ಟಿರುವುದಿಲ್ಲ, ಪೂರಾ ಐವತ್ತರಲ್ಲೇ ಬಂದು ಬಡಿಯುತ್ತಾನೆ. ಇನ್ನು ಅರವತ್ತು ಅಂದರೆ ಮೂವತ್ತರ ಎರಡು ಪಟ್ಟು, ಆದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು, ಚಲನ ಶಕ್ತಿಯಲ್ಲಿ ವೇಗದ ವರ್ಗ ಬರುತ್ತದೆ ನೋಡಿ. ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದು ಬರೆದು ಸವೆಸಿದ ಸೂತ್ರ ಅದು. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕು ಪಾಲು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೇಂದ್ರದವರು 2018ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಊರೊಳಗೆ ಕಾರಿಗೆ ಮೇಲ್ಮಿತಿ 70. ಅದಕ್ಕಿಂತ ಕಡಿಮೆ ಮಾಡುವ ಅಧಿಕಾರ ರಾಜ್ಯಕ್ಕೆ ಇದೆ. ನಮ್ಮ ಅಡ್ಡರಸ್ತೆಯಲ್ಲಿ ಎಪ್ಪತ್ತು ಅಂದರೆ ಗಾಡಿ ಓಡುವುದಲ್ಲ, ಗುಂಡು ಹಾರುವುದು.

ಗೌಡ್ರು ಕೇಳಿಸಿಕೊಂಡರು. ಅವರಿಗೆ ಸೂತ್ರ ಬೇಡ, ದಂಡದ ಭಾಷೆ ಚೆನ್ನಾಗಿ ಗೊತ್ತು. ಮದ್ದೂರಿನ ಅವರ ಭಾವಮೈದ ಮೈಸೂರು ಹೆದ್ದಾರಿಯಲ್ಲಿ ಹಾರಿಸಿಕೊಂಡು ಹೋಗುತ್ತಿದ್ದವನು ಕ್ಯಾಮೆರಾ ಬಂದ ಮೇಲೆ ಮೆತ್ತಗಾದನಂತೆ. ಆ ರಸ್ತೆಯ ಕಥೆ ಎಲ್ಲರಿಗೂ ಗೊತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಸಾವಿನ ಸುದ್ದಿ ದಿನಾ ಬರತೊಡಗಿತು. ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ನಿಲ್ಲಿಸಿದರು, ಕಾರಿಗೆ ನೂರರ ಮಿತಿ ಬಿಗಿ ಮಾಡಿದರು, ಕ್ಯಾಮೆರಾ ಹಾಕಿದರು. ಸಾವು ಇಳಿಯಿತು. ಅದೇ ರಸ್ತೆ, ಅದೇ ಜನ.

“ನಮ್ಮ ಬೆಂಗಳೂರಾಗೆ ದಂಡಕ್ಕೂ ಯಾರೂ ಹೆದರಲ್ಲ ಬುಡಿ. ಐವತ್ತು ಪರ್ಸೆಂಟ್ ಡಿಸ್ಕೌಂಟ್ ಬರೋಗಂಟ ಕಾಯ್ತಾರೆ.” 2023ರ ಫೆಬ್ರವರಿಯಲ್ಲಿ ಅರ್ಧ ದಂಡದ ಯೋಜನೆ ಬಂದಾಗ ಠಾಣೆ ಮುಂದೆ ನಿಂತ ಸಾಲು ಅವರು ಮರೆತಿಲ್ಲ. ಆ ಸಾಲಿನಲ್ಲಿ ಅವರೂ ಇದ್ದರು ಎಂದು, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದರು.

ಹೊರದೇಶದ ಮಾತು ತೆಗೆದರೆ ಗೌಡ್ರು ಮುಖ ತಿರುಗಿಸುತ್ತಾರೆ. ಆದರೂ ಹೊಬೋಕನ್ ಬಗ್ಗೆ ಹೇಳದೆ ಇರಲಾಗಲಿಲ್ಲ. ನ್ಯೂಜೆರ್ಸಿಯಲ್ಲಿ ನನ್ನ ಮಗಳ ಮನೆಯ ಪಕ್ಕದ ಊರು ಅದು. ಅರವತ್ತು ಸಾವಿರ ಜನ, ಇಕ್ಕಟ್ಟು ಬೀದಿ, ಪಾರ್ಕಿಂಗಿಗೆ ನಮ್ಮಷ್ಟೇ ಹೊಡೆದಾಟ. ಆದರೆ ಬೀದಿ ಕೂಡುವ ಮೂಲೆಗಳಲ್ಲಿ ಕಾರು ನಿಲ್ಲದಂತೆ ಮಾಡಿಟ್ಟಿದ್ದಾರೆ. ಕೆಲವು ಕಡೆ ಬರೀ ಪ್ಲಾಸ್ಟಿಕ್ ಕಂಬ, ಕೆಲವು ಕಡೆ ಫುಟ್‌ಪಾತನ್ನೇ ಮುಂದಕ್ಕೆ ಚಾಚಿ ಗಿಡ ನೆಟ್ಟಿದ್ದಾರೆ, ಇನ್ನು ಕೆಲವು ಕಡೆ ಸೈಕಲ್ ಕಟ್ಟುವ ಕಂಬಿ. ಗಿಡ ಅಂದರೆ ಮೊಣಕಾಲೆತ್ತರದ್ದು, ಮಗುವನ್ನು ಮರೆಮಾಡದ ಹಾಗೆ. 2022ರಲ್ಲಿ ಊರಿಗೆಲ್ಲ ಗಂಟೆಗೆ 20 ಮೈಲಿ, ಅಂದರೆ ನಮ್ಮ 32 ಕಿ.ಮೀ. ಮಿತಿ ಇಟ್ಟರು. 2017ರ ಜನವರಿಯಿಂದ ಈಚೆಗೆ ಏಳು ವರ್ಷಕ್ಕೂ ಮೀರಿ ಆ ಊರಿನ ಬೀದಿಗಳಲ್ಲಿ ಅಪಘಾತದಿಂದ ಒಬ್ಬರೂ ಸಾಯಲಿಲ್ಲ. ಆ ಕಾಲದಲ್ಲಿ ಬಹುಪಾಲು ಮೇಯರ್ ಆಗಿದ್ದವರು ರವಿ ಭಲ್ಲಾ, ಪೇಟ ಕಟ್ಟುವ ಸಿಖ್ಖರು.

“ಎಷ್ಟು ವರ್ಷ ಅಂದ್ರಿ?”

“ಏಳಕ್ಕೂ ಹೆಚ್ಚು.”

ಗೌಡ್ರು ಸುಮ್ಮನಾದರು. ನಮ್ಮ ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ರಸ್ತೆ ಮೇಲೆ ವರ್ಷಕ್ಕೆ ಏಳುನೂರಕ್ಕಿಂತ ಹೆಚ್ಚು ಜನ ಸಾಯುತ್ತಿದ್ದಾರೆ. ಊರು ಚಿಕ್ಕದು ದೊಡ್ಡದು ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಸೊನ್ನೆ ಸೊನ್ನೆಯೇ. ಆಸ್ಟ್ರಿಯಾದ ಗ್ರಾಟ್ಸ್ ಊರಿನವರು 1992ರಲ್ಲೇ ಮನೆಗಳಿರುವ ಬೀದಿಗೆಲ್ಲ ಮೂವತ್ತು, ಮುಖ್ಯರಸ್ತೆಗೆ ಐವತ್ತು ಎಂದು ಭಾಗ ಮಾಡಿದರು. ಅದು ನನಗೆ ಹಿಡಿಸಿತು, ಬಳ್ಳಾರಿ ರಸ್ತೆಯಲ್ಲಿ ಮೂವತ್ತು ಮಾಡಿ ಅಂತ ಯಾರೂ ಕೇಳುತ್ತಿಲ್ಲ. ಮನೆಮುಂದೆ ಮಾಡಿ ಅಷ್ಟೆ.

“ಆಯ್ತು, ನಿಲ್ಸಬೇಡಿ ಅಂತೀರಿ. ಕಾರನ್ನ ತಲೆ ಮ್ಯಾಲೆ ಇಟ್ಕೊಳ್ಳಾದಾ?”

ನಾನು ಅವರ ಬಾಡಿಗೆ ಕಟ್ಟಡದ ಕಡೆ ನೋಡಿದೆ. ಗೌಡ್ರು ಆಕಾಶದ ಕಡೆ ನೋಡಿದರು. ಪ್ಲಾನು ಮಂಜೂರಾಗುವಾಗ ನೆಲಮಟ್ಟ ಪೂರ್ತಿ ‘ಸ್ಟಿಲ್ಟ್ ಪಾರ್ಕಿಂಗ್’. ಗೃಹಪ್ರವೇಶ ಆದ ಮೇಲೆ ಅದರಲ್ಲಿ ಒಂದು ದರ್ಶಿನಿ, ಒಂದು ಜೆರಾಕ್ಸ್ ಅಂಗಡಿ, ಹಿಂದೆ ಎರಡು ಸಿಂಗಲ್ ರೂಮು. ಬಾಡಿಗೆಯವರ ಕಾರೆಲ್ಲ ಬೀದಿಗೆ. ಇದು ಗೌಡ್ರೊಬ್ಬರ ಕಥೆ ಅಲ್ಲ, ಊರಿಗೂರೇ ಹಾಗೆ ಮಾಡಿದೆ. ಒಂದು ಕಾರು ನಿಲ್ಲಲು ನೂರೈವತ್ತು ಚದರಡಿ ಬೇಕು ಅಂದುಕೊಳ್ಳಿ. ಕೊಡಿಗೇಹಳ್ಳಿಯಲ್ಲಿ ನೂರೈವತ್ತು ಚದರಡಿ ಅಂದರೆ ಒಂದು ರೂಮು, ಅದಕ್ಕೆ ಬಾಡಿಗೆ ಎಷ್ಟು ಅಂತ ಗೌಡ್ರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಳಗಿನ ರೂಮಿನಿಂದ ಬಾಡಿಗೆ ಬರುತ್ತದೆ, ಹೊರಗಿನ ರೂಮು ಬೀದಿ ಕೊಟ್ಟ ಧರ್ಮ.

ಆ ಧರ್ಮಕ್ಕೆ ಒಂದಿಷ್ಟು ಬೆಲೆ ಕಟ್ಟೋಣ ಎಂದು ನಗರ ಭೂಸಾರಿಗೆ ನಿರ್ದೇಶನಾಲಯದವರು ‘ಪಾರ್ಕಿಂಗ್ ನೀತಿ 2.0’ ತಂದರು. ಮನೆ ಮುಂದೆ ನಿಲ್ಲಿಸಲು ಪರ್ಮಿಟ್, ಸಣ್ಣ ಕಾರಿಗೆ ವರ್ಷಕ್ಕೆ ಸಾವಿರ ರೂಪಾಯಿ, ದೊಡ್ಡದಕ್ಕೆ ಐದು ಸಾವಿರ. 2021ರಲ್ಲಿ ಸುದ್ದಿ ಬಂದಾಗ ಈ ಗೋಡೆ ಮೇಲೆ ನಡೆದ ಭಾಷಣ ಹೇಳತೀರದು. “ನನ್ನ ಮನೆ ಮುಂದೆ ನಿಲ್ಲಿಸೋಕೆ ನಾನೇ ದುಡ್ಡು ಕೊಡಬೇಕಾ?” ಎಂಬುದೇ ಅದರ ಪಲ್ಲವಿ. ಐದು ಸಾವಿರವನ್ನು ದಿನಕ್ಕೆ ಹಂಚಿದರೆ ಹದಿನಾಲ್ಕು ರೂಪಾಯಿ, ಬೈಟೂ ಕಾಫಿಯೂ ಬರುವುದಿಲ್ಲ. ಆ ನೀತಿ ನಮ್ಮ ಬೀದಿಯವರೆಗೆ ನಡೆದು ಬರಲಿಲ್ಲ, ಬಹುಶಃ ದಾರಿಯಲ್ಲಿ ಕಾರುಗಳು ಅಡ್ಡ ನಿಂತಿದ್ದವು. ಜಪಾನಿನಲ್ಲಿ 1962ರಿಂದಲೇ, ಗಾಡಿ ಇಡಲು ಜಾಗವಿದೆ ಎಂದು ತೋರಿಸಿದ ಮೇಲೆಯೇ ಕಾರು. ಅಷ್ಟು ದೂರ ಯಾಕೆ, ಮಿಜೋರಾಮಿನ ಐಜ್ವಾಲ್‌ನಲ್ಲೂ ಅಂಥ ನಿಯಮ ತಂದಿದ್ದಾರೆ. ಒಂದು ಕೋಟಿ ದಾಟಿದ ವಾಹನಗಳ ನಮ್ಮೂರಿನಲ್ಲಿ ಅದನ್ನು ಕೇಳಿದರೆ ಮಂತ್ರಿಗಳೂ ಗೌಡ್ರ ಹಾಗೆ ಆಕಾಶ ನೋಡುತ್ತಾರೆ.

“ನಮ್ಮ ಕಾಲದಾಗೆ ಚೆನ್ನಾಗಿತ್ತು,” ಎಂದು ಗೌಡ್ರು ತಾವಾಗೇ ಶುರುಮಾಡಿದರು. “ಎತ್ತು, ಗಾಡಿ, ಎಲ್ಲಾ ಕೊಟ್ಟಿಗೇಲಿ. ಯಾರ ದನಾನಾದ್ರೂ ಇನ್ನೊಬ್ಬರ ಹೊಲಕ್ಕೆ ನುಗ್ತು ಅನ್ನಿ, ಹೊಡ್ಕೊಂಡೋಗಿ ದೊಡ್ಡಿಗೆ ಕೂಡೋರು. ದಂಡ ಕಟ್ಟಿ ಬಿಡಿಸ್ಕೊಂಡು ಬರಬೇಕಿತ್ತು. ಮೇವಿನ ಖರ್ಚು ಬೇರೆ.”

“ಟೋಯಿಂಗ್ ಅಂದರೂ ಅದೇ ಅಲ್ವಾ ಗೌಡ್ರೇ?”

“ಅದೆಂಗಾಯ್ತದೆ! ದೊಡ್ಡಿಯೋನು ದನಕ್ಕೆ ಒದೀತಿರಲಿಲ್ಲ, ಯಜಮಾನ ಬರೋ ಮುಂಚೆ ಓಡಿಸ್ಕೊಂಡೂ ಹೋಗ್ತಿರಲಿಲ್ಲ.” ಟೋಯಿಂಗಿನ ಒರಟುತನಕ್ಕೆ ಜನ ರೊಚ್ಚಿಗೆದ್ದು, 2022ರ ಫೆಬ್ರವರಿಯಲ್ಲಿ ಬೊಮ್ಮಾಯಿ ಸರ್ಕಾರ ಅದನ್ನು ನಿಲ್ಲಿಸಿದ್ದನ್ನು ನೆನೆಸಿಕೊಂಡು ಹೇಳಿದ್ದು. ಮಾತು ಸರಿಯೇ. ಆದರೆ ಒರಟುತನ ನಿಲ್ಲಿಸಬೇಕಾದ ಕಡೆ ನಾವು ದೊಡ್ಡಿಯನ್ನೇ ಮುಚ್ಚಿದೆವು. ಆಮೇಲೆ ದನಗಳೆಲ್ಲ ಮೂಲೆಗೆ ಬಂದು ಮಲಗಿದವು.

ಮುಂದೆ ಇನ್ನೂ ಇದೆ. ನೀಲಿ ಮಾರ್ಗದ ಮೆಟ್ರೋದಲ್ಲಿ ಕೊಡಿಗೇಹಳ್ಳಿಗೂ ಒಂದು ನಿಲ್ದಾಣ, ಕೆಲಸ ನಡೆದಿದೆ. ಅದು ಶುರುವಾದ ದಿನ ವಿದ್ಯಾರಣ್ಯಪುರದಿಂದ ಸ್ಕೂಟರಿನಲ್ಲಿ ಬಂದು ರೈಲು ಹತ್ತುವವರು ಗಾಡಿ ಎಲ್ಲಿ ಬಿಡುತ್ತಾರೆ? ಇದನ್ನು ಕೇಳಿದ ಮೇಲೆ ಗೌಡ್ರು ಮೊದಲ ಸಲ ಗಂಭೀರವಾದರು. ತಮ್ಮ ಗೇಟಿನ ಮುಂದೆ ತಿಂಡ್ಲಿನವರ ಗಾಡಿ ನಿಲ್ಲುವ ಚಿತ್ರ ಕಣ್ಣಿಗೆ ಬಂದಿರಬೇಕು. ಮಗುವಿನ ಮಾತಿಗೆ ಕರಗದವರು ಇದಕ್ಕೆ ಕರಗಿದರು. ಇರಲಿ, ಕಾರಣ ಯಾವುದಾದರೇನು.

“ಎಷ್ಟು ಬಿಡಬೇಕು ಅಂತೀರಿ ಮೂಲೇಲಿ?”

“ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜನ ದಾಟುವ ಜಾಗಕ್ಕೆ ಇಪ್ಪತ್ತಡಿ ಹತ್ತಿರ ನಿಲ್ಲಿಸಿದರೆ ದಂಡ.”

“ಅಲ್ಲಿ ಜಾಗ ಜಾಸ್ತಿ ಐತೆ. ಹತ್ತಡಿ ಮಾಡ್ಕೊಳ್ಳಿ.”

“ಹತ್ತಡಿಗೆ ಏನೂ ಕಾಣಲ್ಲ ಗೌಡ್ರೇ. ಇಪ್ಪತ್ತು.”

“ಹನ್ನೆರಡು.”

ಸೈಟು ಮಾರಿ ಪಳಗಿದ ನಾಲಿಗೆ. ನಾನೂ ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಬೆಳೆದವಳೇ, ಇಪ್ಪತ್ತರಿಂದ ಅಲ್ಲಾಡಲಿಲ್ಲ. ಅಕ್ಕ ಒಗೆದ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ಹೊರಗೆ ಬಂದು, “ಟೀಚರಮ್ಮ ಹೇಳ್ದಷ್ಟು ಬುಡ್ರಿ, ಆ ಮೂಲೇಲಿ ನಿಲ್ಲೋದು ನಿಮ್ಮ ಅಳಿಯನ ಕಾರೇ ಅಲ್ವಾ, ಹೇಳೋಕೆ ಭಯಾನಾ?” ಎಂದರು.

ಗೌಡ್ರು ಹದಿನೆಂಟಕ್ಕೆ ಬಂದರು. ಅಳಿಯನಿಗೆ ಹೇಳುವುದು ಮಾತ್ರ ಅಕ್ಕನ ಪಾಲಿಗೆ, ಸುಣ್ಣದ ಗೆರೆ ಎಳೆಯುವುದು ನನ್ನ ಪಾಲಿಗೆ, ಎದುರು ಮೂಲೆಯ ಮಿಲಿಟರಿ ಅಂಕಲ್ಲನ್ನು ಒಪ್ಪಿಸುವುದು ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.